ನಾನೂರ ಹನ್ನೆರಡು ಕಲ್ಲುಗಳ ಸ್ನಾನ

ಕಾಡಿನೊಳಗಿನ ನಮ್ಮ ಶಿಬಿರತಾಣಕ್ಕೆ ಎಂಬತ್ತೆರಡು ವರ್ಷ. ತಾಣ ಅನ್ನುವುದಕ್ಕಿಂತ ನಿತ್ರಾಣ ಅಂದರೆ ಸರಿ. ಗುಡಾರ ಹಾಕುವ ಇಪ್ಪತ್ತು ಕಟ್ಟೆಗಳಲ್ಲಿ ಹನ್ನೊಂದು ಬಾಯಿ ಬಿಟ್ಟಿದ್ದವು. ಮೂರು ನಲ್ಲಿಗಳಲ್ಲಿ ಒಂದು ಮಾತ್ರ, ಅದೂ ಮನಸ್ಸು ಬಂದಾಗ, ಕೆಮ್ಮಿ ಕೆಮ್ಮಿ ನೀರು ಬಿಡುತ್ತಿತ್ತು. ಕಕ್ಕಸಿನ ಬಾಗಿಲನ್ನು ಒಳಗೆ ಕೂತವರೇ ಕೈಯಲ್ಲಿ ಹಿಡಿದುಕೊಳ್ಳಬೇಕಿತ್ತು. ಇವೆಲ್ಲದರ ನಡುವೆ ಕಲ್ಲಿನ ಅಡುಗೆಮನೆ: ಮೂರು ಗೋಡೆ, ಒಂದು ದೊಡ್ಡ ಒಲೆ, ಒಂದು ಹೊಗೆಗೂಡು. ಹೊಗೆಗೂಡು ಪಕ್ಕದ ಮನೆಯ ಜಗಳ ಕೇಳಿಸಿಕೊಳ್ಳುವವರ ಹಾಗೆ ಒಂದು ಕಡೆಗೆ ವಾಲಿತ್ತು.

ಇದನ್ನೆಲ್ಲ ದುರಸ್ತಿ ಮಾಡಿಸಬೇಕಾದ ಎಂಜಿನಿಯರ್ ನಾನು. ಕಾಡು ರಕ್ಷಿತಾರಣ್ಯ, ಕಟ್ಟಡ ಪಾರಂಪರಿಕ. ಹಾಗಾಗಿ ನನ್ನ ತಲೆಯ ಮೇಲೆ ಇಬ್ಬರು. ಪರಂಪರೆ ಇಲಾಖೆಯ ಸಾಹೇಬರು ಪ್ರತಿ ವಾಕ್ಯವನ್ನು ಮೂಗಿನಲ್ಲಿ ಶುರುಮಾಡಿ ‘ಯಥಾಸ್ಥಿತಿ’ಯಲ್ಲಿ ಮುಗಿಸುತ್ತಿದ್ದರು. ಕೊಳೆತ ತೊಲೆಯೂ ಯಥಾಸ್ಥಿತಿ, ಸೋರುವ ಸೂರೂ ಯಥಾಸ್ಥಿತಿ. ನನ್ನ ಸ್ಥಿತಿಯ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ. ಅರಣ್ಯ ಇಲಾಖೆಯ ಮೇಡಂ ಹಕ್ಕಿಗಳಿಗೆ ತೊಂದರೆಯಾಗಬಾರದೆಂದು ಪಿಸುಮಾತಿನಲ್ಲೇ ಮಾತಾಡುವವರು. ಪೇಟೆಯ ಆಫೀಸಿನಿಂದ ಫೋನ್ ಮಾಡಿದಾಗಲೂ ಪಿಸುಮಾತೇ. ಹೊಗೆಗೂಡಿನಲ್ಲಿ ಒಂದು ಜೋಡಿ ಹಕ್ಕಿ ಸಂಸಾರ ಹೂಡಿದ್ದರಿಂದ, ಮರಿಗಳು ಹಾರಿಹೋಗುವವರೆಗೆ, ಐದು ವಾರ ನಾವು ಕೈಕಟ್ಟಿ ಕೂತೆವು. ಆ ಜಾಗದಲ್ಲಿ ಕಾನೂನುಬದ್ಧ ಹಕ್ಕು ಇದ್ದದ್ದು ಆ ಹಕ್ಕಿಗಳಿಗೆ ಮಾತ್ರ.

ಊಟದ ಹೊತ್ತಿಗೆ ಇಬ್ಬರ ದನಿಯನ್ನೂ ನಾನು ಮಾಡಿ ತೋರಿಸಿದರೆ ಅತ್ತೆ ನಗು ತಡೆಯಲಾರದೆ ತಟ್ಟೆ ಕೆಳಗಿಡುತ್ತಿದ್ದಳು. ಮಾವ ನಗುತ್ತಿರಲಿಲ್ಲ. ದೊಡ್ಡವರನ್ನು ಆಡಿಕೊಳ್ಳಬಾರದು ಅನ್ನುತ್ತಿದ್ದರು.

ಮಾವ ಅಂದರೆ ನಮ್ಮಮ್ಮನ ಅಣ್ಣ. ಕಲ್ಲುಗೋಡೆ ಕಟ್ಟುವ ಮೇಸ್ತ್ರಿ. ಜೊತೆಗೆ ಮೂವತ್ತು ವರ್ಷದಿಂದ ಇದೇ ತಾಣದ ಕಾವಲುಗಾರ. ಗೇಟಿನ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಅವರೂ ಅತ್ತೆಯೂ ಇದ್ದರು. ಅಡುಗೆಮನೆಯ ಕೆಲಸಕ್ಕೆ ಸಾಹೇಬರು ಪೇಟೆಯ ಕಂಪನಿಯೊಂದನ್ನು ಕರೆಯಲು ಹೊರಟಿದ್ದರು. ನಾನು ಅಡ್ಡ ಬಂದು, ನಮ್ಮ ಮಾವನಷ್ಟು ಈ ಕಲ್ಲು ಬಲ್ಲವರು ಯಾರೂ ಇಲ್ಲ ಅಂದೆ. “ಹೊಣೆ ನನ್ನದು” ಎಂದು ಬರೆದು ಸಹಿಯನ್ನೂ ಹಾಕಿದೆ.

ಹೊಣೆ ಸಣ್ಣದಾಗಿರಲಿಲ್ಲ. ತಿಂಗಳ ಮೂವತ್ತರೊಳಗೆ ಅಡುಗೆಮನೆ ಮೊದಲಿದ್ದ ಹಾಗೆಯೇ ಎದ್ದು ನಿಲ್ಲಬೇಕು, ಇಲ್ಲದಿದ್ದರೆ ತಾಣದ ಪರವಾನಗಿ ರದ್ದು. ಗೇಟಿಗೆ ಬೀಗ ಹಾಕಿ, ರಸ್ತೆ ಕಿತ್ತು, ಜಾಗವನ್ನು ಕಾಡಿಗೆ ಬಿಟ್ಟುಬಿಡುತ್ತಾರೆ. ಗೇಟಿನ ಪಕ್ಕದ ಮನೆಯೂ ಅದರ ಜೊತೆಗೇ ಹೋಗುತ್ತದೆ.

ಗೋಡೆಯ ಬುಡ ಕುಸಿದಿದ್ದರಿಂದ ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ಬಿಚ್ಚುವ ಮೊದಲು ಪ್ರತಿ ಕಲ್ಲಿಗೂ ಒಂದು ನಂಬರು, ಅದೇ ನಂಬರು ನಕ್ಷೆಯಲ್ಲೂ. ಹಳೆಯ ಕಲ್ಲಿಗೆ ಬಣ್ಣ ಬಳಿಯುವ ಹಾಗಿಲ್ಲ ಅಂದರು ಸಾಹೇಬರು. ಕಾಡಿನೊಳಗೆ ಬಣ್ಣದ ಡಬ್ಬಿಯೇ ಬರಕೂಡದು ಎಂದು ಪಿಸುಗುಟ್ಟಿದರು ಮೇಡಂ. ಉಳಿದದ್ದು ಸೀಮೆಸುಣ್ಣ. ನಾಲ್ಕು ದಿನ ಮೊಣಕಾಲೂರಿ, ಏಣಿ ಹತ್ತಿ, ಒಂದರಿಂದ ನಾನೂರ ಹನ್ನೆರಡರವರೆಗೆ ನಾನೇ ಬರೆದೆ. ಶಾಲೆಯಲ್ಲೂ ಅಷ್ಟು ಮಗ್ಗಿ ಬರೆದವಳಲ್ಲ.

ಬಿಚ್ಚುವ ಕೆಲಸ ಶುಕ್ರವಾರ ಮುಗಿಯಿತು. ಕಲ್ಲುಗಳನ್ನು ನೆರಳಲ್ಲಿ ಒಟ್ಟಿಸಿ, ಶನಿವಾರ ಭಾನುವಾರ ಪೇಟೆಯಲ್ಲಿ ಸಭೆಗೆ ಹೋದೆ. ಸಭೆಯಲ್ಲಿ ಪರವಾನಗಿಯ ಹದಿನಾಲ್ಕನೇ ಷರತ್ತಿನ ಮೇಲೆ ಎರಡು ಗಂಟೆ ಚರ್ಚೆ: ಪ್ರವಾಸಿಗರು ಗೋಡೆಯ ಮೇಲೆ ಕೆತ್ತಿದ ಹೆಸರು, ತಾರೀಖು, ಹೃದಯ, ಬಾಣ ಇತ್ಯಾದಿಗಳನ್ನು ಉದ್ಘಾಟನೆಗೆ ಮೊದಲು ಉಜ್ಜಿ ತೆಗೆಯತಕ್ಕದ್ದು. ಪರಂಪರೆಯನ್ನು ಪರಪರ ಕೆರೆಯುವುದು ಹೇಗೆ ಎಂದು ನಾನು ಬಾಯಿಬಿಟ್ಟು ಕೇಳಲಿಲ್ಲ. ಸದ್ಯ, ಯಾರ ದನಿಯನ್ನೂ ಅನುಕರಿಸಲೂ ಇಲ್ಲ.

ಸೋಮವಾರ ಬೆಳಿಗ್ಗೆ ಬಂದರೆ ಕಲ್ಲುಗಳು ಫಳಫಳ ಹೊಳೆಯುತ್ತಿದ್ದವು.

ಒಂದನ್ನು ತಿರುಗಿಸಿದೆ. ಇನ್ನೊಂದನ್ನು ತಿರುಗಿಸಿದೆ. ಎಲ್ಲೂ ಒಂದು ಸೊನ್ನೆಯೂ ಇಲ್ಲ. ಬಕೆಟ್ಟು ಬೋರಲಾಗಿ ಬಿದ್ದಿತ್ತು, ಬ್ರಷ್ಷು ಬಿಸಿಲಿಗೆ ಒಣಗುತ್ತಿತ್ತು. ಅತ್ತೆ ಸೊಂಟ ಹಿಡಿದುಕೊಂಡು ಹೊರಗೆ ಬಂದು, ಎರಡು ದಿನ ಮಾವ ಉಜ್ಜಿದ್ದು, ತಾನು ನೀರು ಹೊಯ್ದದ್ದು, ಪಾಪ ನೀನು ಬರುವಷ್ಟರಲ್ಲಿ ಮುಗಿಯಲಿ ಅಂತ ಊಟಕ್ಕೂ ಏಳದೇ ಇದ್ದದ್ದು, ಎಲ್ಲ ಹೇಳಿದಳು.

ಮಾವ ನಲವತ್ತೈದು ವರ್ಷದಲ್ಲಿ ತೊಳೆಯದ ಕಲ್ಲನ್ನು ಗೋಡೆಗೆ ಇಟ್ಟವರೇ ಅಲ್ಲ. ಧೂಳಿದ್ದರೆ ಗಾರೆ ಹಿಡಿಯುವುದಿಲ್ಲ, ಅದು ಅವರ ಕಸುಬಿನ ಮೊದಲ ಪಾಠ. ಅದು ನನಗೂ ಗೊತ್ತು, ಚಿಕ್ಕಂದಿನಿಂದ ನೋಡಿದ್ದೇನೆ.

“ನಂಬರು ಯಾಕೆ ಬರೆದಿದ್ದು ಅನ್ಕೊಂಡ್ರಿ ಮಾವ?”

“ಎಣಿಸೋಕೆ,” ಅಂದರು. “ಆಫೀಸಿನೋರು ಮರಕ್ಕೂ ಬರೀತಾರೆ, ಬೆಂಚಿಗೂ ಬರೀತಾರೆ, ಎಣಿಸಿ ಹೋಗ್ತಾರೆ. ಎಣಿಸಿ ಆಯ್ತಲ್ಲ ಅನ್ಕೊಂಡೆ.”

ಇಪ್ಪತ್ತು ಜನರ ಸಭೆಗೆ ಆ ನಕ್ಷೆಯನ್ನು ಪರದೆಯ ಮೇಲೆ ಹಾಕಿ ವಿವರಿಸಿದ್ದೆ. ಗೋಡೆ ಕಟ್ಟುವವರಿಗೆ ಮಾತ್ರ ಒಂದು ಮಾತು ಹೇಳಿರಲಿಲ್ಲ. ಅಂಕಿ-ಅಂಶದಲ್ಲಿ ಅಂಕಿ ಹೋಗಿ, ನನ್ನ ತಪ್ಪಿನ ಅಂಶವೊಂದು ಉಳಿದಿತ್ತು.

ಫೋಟೋ ನೋಡಿಯಾದರೂ ಜೋಡಿಸೋಣ ಎಂದು ಇಲಾಖೆಯ ಫೋಟೋಗಳನ್ನು ತೆಗೆದೆ. ಮುಂಗೋಡೆಯ ಫೋಟೋದಲ್ಲಿ ಗೋಡೆಯ ಮುಂದೆ ಹನ್ನೊಂದು ಅಧಿಕಾರಿಗಳು ಸಾಲಾಗಿ ನಿಂತು ನಗುತ್ತಿದ್ದರು. ಅವರ ತಲೆಗಳ ಮೇಲೆ ಎರಡು ವರಸೆ ಕಲ್ಲು ಕಾಣುತ್ತಿತ್ತು. ಹಿಂಗೋಡೆಯ ಫೋಟೋ ಪೂರ್ತಿ ಬಳ್ಳಿ. ಪಕ್ಕದ ಗೋಡೆಯ ಫೋಟೋದಲ್ಲಿ ತೆಗೆದವರ ಹೆಬ್ಬೆರಳು. ಆ ಹೆಬ್ಬೆರಳು ನನ್ನದೇ.

ಹನ್ನೆರಡು ದಿನ ಉಳಿದಿತ್ತು. ಅದರಲ್ಲೂ ಮೇಡಂ ಅಪ್ಪಣೆಯಂತೆ ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಮಾತ್ರ ಕೆಲಸ, ಅದೂ ಸುತ್ತಿಗೆಗೆ ಬಟ್ಟೆ ಸುತ್ತಿಕೊಂಡು. ಮಾವ ಕಲ್ಲುರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಅತ್ತೆ ಒಳಗೆ ಪಾತ್ರೆಗಳನ್ನು ಸದ್ದು ಮಾಡಿ ಇಡುತ್ತಿದ್ದಳು. ನಾನು ಸಾಹೇಬರಿಗೆ ಫೋನ್ ಮಾಡಿ ನಿಜ ಹೇಳಿಬಿಡೋಣ ಎಂದು ಮೂರು ಸಲ ಎದ್ದು, ಮೂರು ಸಲ ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಮಾವ ಒಂದು ಕಲ್ಲನ್ನು ಮಡಿಲಿಗೆ ಎಳೆದುಕೊಂಡು ಬೈಯತೊಡಗಿದರು. ನನಗಲ್ಲ, ಕಲ್ಲಿಗೆ.

“ಇವನು ನೋಡು, ಆ ಉದ್ದಮೂತಿಯವನು. ಬೇಡ ಬೇಡ ಅಂದ್ರೂ ಕಿಟಕಿ ಮೇಲೆ ಹತ್ತಿ ಕೆತ್ತಿದ. ಅರ್ಧ ಕೆತ್ತೋವಾಗ ಹಿಡಿದೆ. ಉಳಿದರ್ಧ ಮಾರನೇ ದಿನ ಪಕ್ಕದ ಕಲ್ಲಲ್ಲಿ ಮುಗಿಸಿದ್ದ, ಕತ್ತೆ.”

ನಾನು ಕಲ್ಲು ನೋಡಿದೆ. ಒಂದು ಹೆಸರಿನ ಮೊದಲರ್ಧ, ಅದರ ಕೆಳಗೆ ಹೃದಯದ ಎಡಭಾಗ. ಬ್ರಷ್ಷಿನಿಂದ ಉಜ್ಜಿದರೆ ಸೀಮೆಸುಣ್ಣ ಹೋಗುತ್ತದೆ. ಉಳಿಯಿಂದ ಕೆತ್ತಿದ್ದು ಎಲ್ಲಿಗೆ ಹೋಗುತ್ತದೆ? ಇಬ್ಬರೂ ರಾಶಿಗೆ ಕೈ ಹಾಕಿದೆವು. ಹೃದಯದ ಬಲಭಾಗ ಅರ್ಧ ಗಂಟೆಯಲ್ಲಿ ಸಿಕ್ಕಿತು. ಕಿಟಕಿಯ ಮೇಲಿನ ಎಡಮೂಲೆ ಅಲ್ಲಿಗೆ ನಿಕ್ಕಿಯಾಯಿತು.

ಮೂವತ್ತು ವರ್ಷ ಈ ಗೀಚುಬ್ರಹ್ಮರ ಹಿಂದೆ ಓಡಾಡಿ ಬೈದ ಮನುಷ್ಯನಿಗೆ ಒಬ್ಬೊಬ್ಬರೂ ಎಲ್ಲಿ ನಿಂತು, ಯಾವ ಕೈಯಲ್ಲಿ ಕೆತ್ತಿದರು ಅನ್ನುವುದೆಲ್ಲ ಬಾಯಿಪಾಠ. ಎಡಗೈಯವಳದು ಒಲೆಯ ಬಲಕ್ಕೆ. ಪ್ರತಿ ಬೇಸಿಗೆಗೂ ಬಂದು ಮಗಳ ಎತ್ತರ ಗುರುತು ಹಾಕುತ್ತಿದ್ದ ಕುಟುಂಬದ ಗೆರೆಗಳು ಬಾಗಿಲ ಪಕ್ಕದಲ್ಲಿ ಕೆಳಗಿನಿಂದ ಮೇಲಕ್ಕೆ; ಆರು ಕಲ್ಲು ಏಣಿಯ ಹಾಗೆ ಕೂತವು. ಮಾವ ಬರುವುದಕ್ಕೆ ಮೊದಲಿನ ಹಳಬರದು, ತಾರೀಖಿನ ಜೊತೆ, ಹೆಚ್ಚಾಗಿ ಹೊಗೆಗೂಡಿನ ಹತ್ತಿರ. ಏನೂ ಕೆತ್ತದ ಕಲ್ಲುಗಳನ್ನು, ಎಷ್ಟು ಉಜ್ಜಿದರೂ ಹೋಗದೆ ಒಳಗೇ ಇಳಿದಿದ್ದ ಕಲೆ ನೋಡಿ ವಿಂಗಡಿಸಿದೆವು: ಎಂಬತ್ತು ವರ್ಷದ ಹೊಗೆ ಕುಡಿದದ್ದು ಒಲೆಯ ಮೇಲೆ, ಸ್ವಲ್ಪ ಕುಡಿದದ್ದು ಅಕ್ಕಪಕ್ಕ, ಪಾಚಿಯ ಹಸಿರು ಕಲೆ ಉಳಿದದ್ದು ಬಿಸಿಲು ಬೀಳದ ಕಡೆಗೆ. ಅತ್ತೆಗೆ ನೀರು ಹೊಯ್ಯುವಾಗ ಓದಿದ್ದ ಹೆಸರುಗಳೆಲ್ಲ ನೆನಪಿದ್ದವು. “ಆ ಬಾಣದ ಬಾಲ ಮೂರನೇ ರಾಶೀಲಿದೆ ನೋಡಿ” ಎಂದು ಒಳಗಿನಿಂದಲೇ ಕೂಗುತ್ತಿದ್ದಳು. ಕೂಗಬಾರದು, ಹಕ್ಕಿ ಇದೆ ಎಂದು ಮೇಡಂ ದನಿಯಲ್ಲಿ ಪಿಸುಗುಟ್ಟಿದೆ. ಆವತ್ತು ಮೊದಲ ಬಾರಿಗೆ ಮಾವ ನಕ್ಕರು.

ಇಪ್ಪತ್ತೊಂಬತ್ತಕ್ಕೆ ಗೋಡೆ ಮುಗಿಯಿತು. ಹೊಗೆಗೂಡು ನೆಟ್ಟಗೆ ನಿಂತಿತು. ಏಳು ಕಲ್ಲು ಉಳಿದವು.

ಎಲ್ಲಿಂದ ಉಳಿದವು ಎಂದರೆ ಮಾವನ ಬಳಿ ಒಂದೇ ಉತ್ತರ: ಹಿಂದಿನ ಮೇಸ್ತ್ರಿ ಗಾರೆ ಉಳಿಸಲು ಕಲ್ಲಿಗೆ ಕಲ್ಲು ಒತ್ತಿ ತುರುಕಿದ್ದ, ತಾವು ಸಂದಿಗೆಲ್ಲ ಗಾರೆಯನ್ನು ಬೆಣ್ಣೆ ಬಳಿದ ಹಾಗೆ ತುಂಬಿ ಕಟ್ಟಿದ್ದಾರೆ. ಹಾಗಾದರೆ ಈ ಏಳನ್ನು ಪೊದೆಯ ಹಿಂದೆ ಹಾಕೋಣ ಅಂದೆ. ಮಾವ ನನ್ನನ್ನು ನೋಡಿದ ರೀತಿಗೆ ನಾನೇ ಪೊದೆಯ ಹಿಂದೆ ಹೋಗಬೇಕೆನಿಸಿತು. ಕೊನೆಗೆ ಅತ್ತೆ ಅವನ್ನು ಮರದಡಿ ಒಂದರ ಮೇಲೊಂದು ಒಟ್ಟಿ, ಮೇಲೊಂದು ಟವೆಲ್ ಹಾಸಿ ಇಟ್ಟಳು.

ಮೂವತ್ತಕ್ಕೆ ಸಾಹೇಬರು ಬಂದರು. ಗೋಡೆಯ ಸುತ್ತ ಎರಡು ಸುತ್ತು ಹಾಕಿದರು, ದಾರ ಹಿಡಿದು ನೋಡಿದರು, ಒಲೆಯೊಳಗೆ ತಲೆ ತೂರಿಸಿ ಮೇಲೆ ನೋಡಿದರು. ಮೂಗಿನಿಂದ “ಚೆನ್ನಾಗಿದೆ” ಅಂದರು. ಸಹಿಗೆ ಫೈಲು ತೆಗೆದು, ಕೂರಲು ಜಾಗ ಹುಡುಕಿ, ಟವೆಲ್ಲಿನ ಮೇಲೆ ಕೂತರು.

ಅತ್ತೆ ನನ್ನ ಮುಖ ನೋಡಿದಳು. ನಾನು ಸಾಹೇಬರ ಪೆನ್ನು ನೋಡಿದೆ. ಪೆನ್ನಿನ ಮುಚ್ಚಳ ತೆಗೆದರು, ಹಾಳೆ ತಿರುಗಿಸಿದರು. ಇನ್ನು ಒಂದೇ ನಿಮಿಷ.

“ಸಾರ್,” ಅಂದರು ಮಾವ, “ನೀವು ಕೂತಿರೋದು ಆ ಗೋಡೆ ಕಲ್ಲಿನ ಮೇಲೆ. ಏಳು ಮಿಕ್ಕಿದೆ. ನಂಬರು ನಾನೇ ತೊಳೆದುಬಿಟ್ಟೆ.”

ಆ ಕ್ಷಣ ಮಾವನ ಬಾಯಿಗೆ ಅದೇ ಟವೆಲ್ ತುರುಕುವಷ್ಟು ಸಿಟ್ಟು ಬಂತು. ಸಾಹೇಬರು ಎದ್ದು ನಿಂತರು. ಪೆನ್ನಿಗೆ ಮುಚ್ಚಳ ಹಾಕಿದರು. ಹಾಗಾದರೆ ಯಾವ ಆಧಾರದ ಮೇಲೆ ಕಟ್ಟಿದಿರಿ ಎಂದು ನನ್ನನ್ನು ಕೇಳಿದರು. ನಾನು ಅವರನ್ನು ಗೋಡೆಯ ಹತ್ತಿರ ಕರೆದೊಯ್ದು, ಹೃದಯದ ಮೇಲೆ ಬೆರಳಾಡಿಸಿ ತೋರಿಸಿದೆ. ಎರಡು ಕಲ್ಲಿನ ನಡುವೆ ಗೆರೆ ಎಲ್ಲೂ ತಪ್ಪಿರಲಿಲ್ಲ. ಬಾಣ ತೋರಿಸಿದೆ. ಮಗಳ ಎತ್ತರದ ಗೆರೆಗಳನ್ನು ಕೆಳಗಿನಿಂದ ಮೇಲಿನವರೆಗೆ ತೋರಿಸಿದೆ. ಸಾಹೇಬರು ಬಗ್ಗಿ, ತಾವೂ ಒಂದೊಂದೇ ಸಂದಿಯ ಮೇಲೆ ಬೆರಳಿಟ್ಟು ಅರ್ಧ ಗಂಟೆ ನೋಡಿದರು. ಎಲ್ಲೂ ಒಂದಕ್ಷರ ಅತ್ತಿತ್ತ ಆಗಿರಲಿಲ್ಲ.

“ಹಾಗಾದ್ರೆ ಇದನ್ನ ಉಜ್ಜೋ ಹಾಗಿಲ್ಲ,” ಅಂದರು. ಈ ಸಲ ಮೂಗಿನಿಂದಲ್ಲ. “ಉಜ್ಜಿದ್ರೆ ಸಾಕ್ಷಿಯೇ ಹೋಗುತ್ತೆ.”

ತಮ್ಮದೇ ಹದಿನಾಲ್ಕನೇ ಷರತ್ತನ್ನು ತಾವೇ ಹೊಡೆದುಹಾಕಿ, ಗೀಚುಬರಹಗಳನ್ನು ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು ಎಂದು ಬರೆದರು. ಅದಕ್ಕೆ ಹೊಸ ಫೈಲು ಬೇಕು, ಹೊಸ ಫೈಲಿಗೆ ಇನ್ನೊಂದು ಸಭೆ ಬೇಕು, ಸಭೆಗೆ ನಾನು ಬೇಕು. ಆದರೂ ಪರವಾನಗಿಯ ಹಾಳೆಗೆ ಸಹಿ ಬಿತ್ತು. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಚೆ ಬಂದಾಗ ಸೆರಗಿನ ತುದಿ ಒದ್ದೆಯಾಗಿತ್ತು.

ಹೊರಡುವಾಗ ಸಾಹೇಬರು ಒಂದು ಮಾತು ಹೇಳಿ ಹೋದರು: ಉಳಿದ ಏಳು ಕಲ್ಲಿಗೂ ನಂಬರು ಹಾಕಿ, ಅಡುಗೆಮನೆಯ ಹಿಂದೆ ಸಾಲಾಗಿ ಜೋಡಿಸಿ ಇಡಬೇಕು. ಬಣ್ಣ ಕೂಡದು.

ಸೀಮೆಸುಣ್ಣ ತಂದು ಒಂದರಿಂದ ಏಳರವರೆಗೆ ಬರೆದೆ. ಈ ಸಲ ಯಾಕೆ ಬರೆದದ್ದು ಅನ್ನುವುದನ್ನು ಮಾವನನ್ನು ಎದುರಿಗೆ ನಿಲ್ಲಿಸಿಕೊಂಡು ಎರಡು ಸಲ ವಿವರಿಸಿದೆ. ಅವರು ತಲೆಯಾಡಿಸಿದರು. ಎಲ್ಲ ಅರ್ಥವಾಯಿತು ಅಂದರು. ಆಮೇಲೆ ಕಲ್ಲುಗಳನ್ನೇ ನೋಡುತ್ತ ನಿಂತು, ಆದರೂ ಧೂಳಿದೆಯಲ್ಲ ಅಂದರು.

ಸ್ವಲ್ಪ ಹೊತ್ತಿನಲ್ಲಿ ಅವರು ಮನೆಯ ಸುತ್ತ ಬಕೆಟ್ಟು ಹುಡುಕುತ್ತಿದ್ದರು. ನಾನು ಅದನ್ನು ಬೋರಲು ಹಾಕಿ, ಅದರ ಮೇಲೆ ಕೂತಿದ್ದೆ.