ಮಳೆಯಿಲ್ಲದೆ ಸೋರಿದ ತಗಡು

ನಾನೊಂದು ಸತುವಿನ ಲೇಪದ ತಗಡು. ಕಾರ್ಖಾನೆಯ ಉರುಳೆಗಳ ನಡುವೆ ಸಿಕ್ಕಿ, ಮೈಯೆಲ್ಲ ಏರುತಗ್ಗಾಗಿ ಹೊರಬಂದೆ. ಮೊದಲು ಒಂದು ಹತ್ತಿ ಗೋದಾಮಿನ ಮೇಲಿದ್ದೆ. ಅದು ಮುಚ್ಚಿದ ಮೇಲೆ ಗದುಗಿನ ಚಂಪಕ್ಕನ ನಾಟಕ ಕಂಪನಿ ನನ್ನನ್ನು ಕೊಂಡು, ಸಾಮಾನಿಡುವ ಶೆಡ್ಡಿನ ನೆತ್ತಿಗೆ ಏರಿಸಿತು.

ನನ್ನ ಕೆಳಗೆ ಬಣ್ಣದ ಪರದೆಗಳನ್ನು ಇಳಿಬಿಟ್ಟಿದ್ದರು. ಅವುಗಳಲ್ಲಿ ದರ್ಬಾರಿನ ಪರದೆಯೆಂದರೆ ಚಂಪಕ್ಕನಿಗೆ ಜೀವ. ಅದನ್ನು ಬರೆದ ಫಕೀರಪ್ಪಜ್ಜನಿಗೆ ಆಗಲೇ ಕಣ್ಣು ಕಾಣುತ್ತಿರಲಿಲ್ಲ. ಅಂಟಿನಲ್ಲಿ ಕಲಸಿದ ಪುಡಿಬಣ್ಣ, ನೀರು ಬಿತ್ತೋ ಮುಗಿಯಿತು. ಚಳಿಗಾಲದ ಒಂದು ಬೆಳಿಗ್ಗೆ ನೋಡಿದರೆ, ಸಿಂಹಾಸನದ ಕೆಂಪು ಕರಗಿ ಮೆಟ್ಟಿಲವರೆಗೆ ಇಳಿದಿತ್ತು.

"ಇನ್ನೊಂದು ಬರಿಯಾಕ ನನಗ ಕಣ್ಣಿಲ್ಲವ್ವ" ಎಂದ ಅಜ್ಜ.

ಎಲ್ಲರ ಸಿಟ್ಟೂ ನನ್ನ ಮೇಲೆ. ಮೊಳೆಯ ತೂತಿಗೆಲ್ಲ ಡಾಂಬರು ಮೆತ್ತಿದರು. ಅಲ್ರೀ, ಮಳೆಯೇ ಇಲ್ಲ, ನಾನೆಲ್ಲಿಂದ ಸೋರಲಿ? ಈ ನೀರು ಎಲ್ಲಿಯದು ಎಂದು ನನಗೇ ಕುತೂಹಲ. ಥಂಡಿ ಒಳಗೆ ಬರುತ್ತದೆಂದು ಸೂರಿನ ಸಂದಿಗೆ ಗೋಣಿಚೀಲ ತುರುಕಿದರು. ಮರುದಿನ ಹನಿ ಇನ್ನೂ ಹೆಚ್ಚಾಯಿತು. ಈ ದರಿದ್ರ ತಗಡನ್ನು ಗುಜರಿಗೆ ಹಾಕೋಣವೆಂದು ಮಾತು ಬಂತು.

ಕೊಡುವ ಮೊದಲು ಒಮ್ಮೆ ನೋಡೋಣವೆಂದು ಚಂಪಕ್ಕ ಏಣಿ ಹತ್ತಿ, ಅಂಗೈಯಿಂದ ನನ್ನ ಹೊಟ್ಟೆ ಸವರಿದಳು. ತೂತಿಲ್ಲದ ಕಡೆಯೂ ಒದ್ದೆ! ಕೆಳಗೆ ಕುಳಿತಿದ್ದ ಅಜ್ಜ ನೆಲ ಮುಟ್ಟಿ, ಇದ್ಯಾಕೆ ಇಷ್ಟು ಹಸಿಯಾಗಿದೆ ಎಂದು ಕೇಳಿದ. ಆಟದ ಮುಂಚೆ ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸುವುದು ಕಂಪನಿಯ ರೂಢಿ. ಪರದೆಗೂ ಧೂಳು ಹತ್ತಬಾರದೆಂದು ಸಂಜೆ ಸಂಜೆ ಶೆಡ್ಡಿನ ಮಣ್ಣಿಗೂ ಚಿಮುಕಿಸಿ, ಬಾಗಿಲು ಬಿಗಿದು ಹೋಗುತ್ತಿದ್ದರು. ಆ ಪಸೆಯೇ ಮೇಲೇರಿ, ತಣ್ಣಗಾದ ನನ್ನ ಮೈಗೆ ತಾಗಿ, ಅನ್ನದ ಪಾತ್ರೆಯ ಮುಚ್ಚಳದಲ್ಲಿ ಆಗುವಂತೆ ಹನಿಗಟ್ಟಿ ಉದುರುತ್ತಿತ್ತು.

"ತಗಡಿಂದೇನೂ ತಪ್ಪಿಲ್ಲಜ್ಜ. ನಾವ ಹಾಕಿದ ನೀರು ಇದು" ಎಂದಳು ಚಂಪಕ್ಕ.

ಚಿಮುಕಿಸುವುದು ನಿಂತಿತು. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದರು, ಗೋಣಿಚೀಲ ಕಿತ್ತೆಸೆದರು. ಒಳಗಿನ ಹವೆ ಹೊರಹೋಗಲೆಂದು ನನ್ನನ್ನು ಬಿಚ್ಚಿ, ಗೇಣೆತ್ತರದ ಮರದ ತುಂಡುಗಳ ಮೇಲೆ ಕೂರಿಸಿದರು. ಹೊಟ್ಟೆಯ ಕೆಳಗೆ ಗಾಳಿ ಆಡುವ ಸುಖ ಅಂದೇ ಗೊತ್ತಾದದ್ದು.

ಈಗ ನನಗೆ ತುಕ್ಕು ಹಿಡಿದಿದೆ. ಸುತ್ತ ಹೊಸ ತಗಡು ಬಂದವು, ನನ್ನನ್ನು ಮಾತ್ರ ಚಂಪಕ್ಕ ಇಳಿಸಗೊಡಲಿಲ್ಲ. ಚಳಿ ಬಿದ್ದ ಬೆಳಿಗ್ಗೆ ಅವಳು ಅಜ್ಜನ ಕೈ ಹಿಡಿದು ದರ್ಬಾರಿನ ಪರದೆ ಮುಟ್ಟಿಸುತ್ತಾಳೆ. ಕೆಂಪು ಇಳಿದ ಕಡೆ ಅವನ ಬೆರಳು ತುಸು ನಿಂತು, ಆಮೇಲೆ ಅಂಚಿನವರೆಗೂ ಹೋಗುತ್ತದೆ.

"ಒಣಗೈತಿ" ಎನ್ನುತ್ತಾನೆ ಅಜ್ಜ.

ಬೈಸಿಕೊಂಡದ್ದೆಲ್ಲ ನನಗೆ ಆಗ ಮರೆತುಹೋಗುತ್ತದೆ.