ಎರಿ ಮಣ್ಣು

ಬೆಂಗಳೂರಿನ ಮಣ್ಣು ಕಂಡರೆ ರತ್ನಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಕೊಡಿಗೇಹಳ್ಳಿಯಲ್ಲಿ ಮುನಿಗಂಗಪ್ಪನವರ ಕಟ್ಟಡದ ಎರಡನೇ ಮಹಡಿಗೆ ಬಾಡಿಗೆಗೆ ಬಂದು ನಾಲ್ಕು ವರ್ಷವಾಗಿತ್ತು. ಇಲ್ಲಿನ ಸಿಹಿ ಸಾಂಬಾರಿಗೆ, ಚಳಿಗೆ, ಗದ್ದಲಕ್ಕೆ ಎಲ್ಲಕ್ಕೂ ಒಗ್ಗಿದ್ದಳು. ಈ ಕೆಂಪು ಮಣ್ಣಿಗೆ ಮಾತ್ರ ಇಲ್ಲ. ಹೆಬ್ಬಾಳದ ಕಡೆಯ ಯಾವುದೋ ನರ್ಸರಿಯಿಂದ ಎರಡು ಚೀಲ ಕೆಂಪು ಮಣ್ಣು ತರಿಸಿ ಸುರಿದರೆ ಅದರಲ್ಲಿ ಸಿಮೆಂಟಿನ ಹೆಂಟೆ, ಟೈಲ್ಸಿನ ಚೂರು, ಬೀಡಿ ತುಂಡು. ಅಪಾರ್ಟ್‌ಮೆಂಟಿನ ಪಾಯ ತೋಡಿ ತೆಗೆದ ಮಣ್ಣನ್ನೇ ಚೀಲಕ್ಕೆ ತುಂಬಿ ಮಾರಿದ್ದರು. ಇಂಥದನ್ನು ಮಣ್ಣು ಅನ್ನುವವರಿಗೆ ನಾಚಿಕೆಯಿಲ್ಲ ಎಂದು ಗಂಡ ಗುರುಪಾದಪ್ಪನ ಮುಂದೆ ದಿನಕ್ಕೆರಡು ಸಲವಾದರೂ ಹೇಳುತ್ತಿದ್ದಳು.

ಇಷ್ಟೆಲ್ಲ ಸಿಟ್ಟು ಒಂದು ಲಿಂಬೆ ಸಸಿಯ ಸಲುವಾಗಿ. ಇಂಡಿ ಊರಿನ ಹತ್ತಿರದ ತವರಿನಲ್ಲಿ ಅವ್ವ ಹಚ್ಚಿದ್ದ ಲಿಂಬೆ ಗಿಡವನ್ನು ರಸ್ತೆ ಅಗಲ ಮಾಡುವವರು ಹೋದ ವರ್ಷ ಬುಡಸಮೇತ ಕಿತ್ತಿದ್ದರು. ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ಆ ಗಿಡದ ಹಣ್ಣಿನ ಬೀಜದಿಂದ ಎದ್ದದ್ದು ಇದೊಂದೇ, ಗೇಣುದ್ದದ್ದು. ನರ್ಸರಿ ಮಣ್ಣಿಗೆ ಹಾಕಿದಾಗಿನಿಂದ ಎಲೆ ಹಳದಿಯಾಗಿ ಉದುರುತ್ತಿತ್ತು. ಈಗ ಉಳಿದದ್ದು ಹನ್ನೊಂದು. ಇದೂ ಹೋದರೆ ಅವ್ವನ ಕೈಯಲ್ಲಿ ಬೆಳೆದದ್ದು ತಾನೊಬ್ಬಳೇ ಎಂದು ರತ್ನಕ್ಕ ಬೆಳಗ್ಗೆ ಎದ್ದ ಕೂಡಲೇ ಎಲೆ ಎಣಿಸುತ್ತಿದ್ದಳು.

ತನ್ನೂರ ಹೊಲದಂಥ ಕಪ್ಪು ಎರಿ ಮಣ್ಣಿಗೆ ಹಾಕಿದರೆ ಬದುಕುತ್ತದೆ ಎಂದು ಆಕೆ ನಿಶ್ಚಯಿಸಿದಳು. ಮತ್ತಿಕೆರೆಯ ಕಾಲೇಜೊಂದರಲ್ಲಿ ಗುಮಾಸ್ತನಾದ ಗುರುಪಾದಪ್ಪ ಮೆಟ್ಟಿಲ ಮೇಲೆ ಸಿಕ್ಕ ಮನೆ ಮಾಲೀಕರಿಗೆ, ತಮ್ಮ ಮನೆಯಾಕೆಗೆ ಎರಿ ಮಣ್ಣು ಬೇಕಂತೆ ಎಂದ. ಮುನಿಗಂಗಪ್ಪನವರ ಮುಖ ಅರಳಿತು. ಆ ಮಣ್ಣನ್ನು ಕೇಳುವವರೇ ಇಲ್ಲವಾಗಿತ್ತು, ನಿಮಗಾದರೂ ಅದರ ಬೆಲೆ ಗೊತ್ತಲ್ಲ, ತರಿಸಿಕೊಡುತ್ತೇನೆ ಎಂದರು.

ರತ್ನಕ್ಕ ನಾದಿನಿಯ ಮನೆಯ ತೊಟ್ಟಿಲ ಕಾರ್ಯಕ್ಕೆಂದು ದಾಸರಹಳ್ಳಿಗೆ ಹೋಗಿ ಎರಡು ದಿನವಿದ್ದು ಬಂದಳು. ಮೆಟ್ಟಿಲು ಹತ್ತುವಾಗಲೇ ನಾತ ಮೂಗಿಗೆ ಬಡಿಯಿತು. ಇಲಿ ಸತ್ತಿರಬೇಕೆಂದು ಸೆರಗು ಮುಚ್ಚಿಕೊಂಡಳು. ಮೇಲೇರಿದಷ್ಟೂ ನಾತ ಹೆಚ್ಚಾಯಿತು. ತಾರಸಿಯ ಮೇಲೆ ಅರ್ಧ ಕೊಯ್ದ ನೀಲಿ ಡ್ರಮ್ಮಿನ ತುಂಬ ಕಪ್ಪು ಮಣ್ಣು, ನಟ್ಟನಡುವೆ ಸಸಿ, ಪಕ್ಕದಲ್ಲಿ ಮೊಳಕೈವರೆಗೂ ಕೆಸರಾದ ಗುರುಪಾದಪ್ಪ. ನೆಗಡಿಯಿಂದ ಮೂಗಿನ ಎರಡೂ ಹೊಳ್ಳೆ ಕಟ್ಟಿದ್ದ ಆ ಮಹಾರಾಯ ಹೆಂಡತಿಯ ಮೆಚ್ಚುಗೆಗೆ ಕಾದು ನಿಂತಿದ್ದ.

ಬಣ್ಣವೇನೋ ಕಪ್ಪೇ. ಆದರೆ ಮೇಲೆ ಎಣ್ಣೆಯ ಹೊಳಪಿತ್ತು. ರತ್ನಕ್ಕ ಕಡ್ಡಿಯಿಂದ ಕೆದಕಿದಳು. ಶಾಂಪೂ ಪಾಕೀಟು ಬಂತು, ಕೂದಲಿನ ಉಂಡೆ ಬಂತು, ಮಾತ್ರೆಯ ಹಾಳೆ ಬಂತು, ಕೊನೆಗೆ ನೀರು ಕುಡಿದು ಉಬ್ಬಿದ ಮಗುವಿನ ಡಯಾಪರ್ ಒಂದು ಹರಿದು ಲೋಳೆಯಾಗಿ ಕಡ್ಡಿಗೆ ಸುತ್ತಿಕೊಂಡು ಬಂತು. ಆಕೆ ಮೂಲೆಗೆ ಓಡಿ, ನಾದಿನಿ ಒತ್ತಾಯ ಮಾಡಿ ತಿನ್ನಿಸಿದ್ದ ಹೋಳಿಗೆಯನ್ನೆಲ್ಲ ಕಾರಿಕೊಂಡಳು. ಅವ್ವನ ಗಿಡವನ್ನು ಊರಿನ ಹೇಲಿನಲ್ಲಿ ನೆಟ್ಟಿದ್ದಾನಲ್ಲ ಈ ಮನುಷ್ಯ, ಅದೇ ಕೈಯಿಂದ ಮಧ್ಯಾಹ್ನ ರೊಟ್ಟಿ ಮುರಿದಿರಬೇಕಲ್ಲ ಎಂದು ನೆನೆದು ಇನ್ನೊಮ್ಮೆ ಮೂಲೆಗೆ ಬಗ್ಗಿದಳು. ಗಂಡನ ಮುಖ ನೋಡಲೂ ಅಸಹ್ಯವಾಯಿತು.

ಹೇಸಿಗೆ ಅಂತ ನಿಂತರೆ ಸಸಿ ಹೋಗುತ್ತದೆ. ಉಸಿರು ಬಿಗಿಹಿಡಿದು ಬರಿಗೈಯನ್ನೇ ಇಳಿಸಿ ಸಸಿಯನ್ನು ಎತ್ತಿದಳು. ಬೇರು ಕಪ್ಪಾಗಿ ಜಾರುತ್ತಿತ್ತು. ಬಕೆಟ್ಟಿನಲ್ಲಿ ಮೂರು ನೀರು ತೊಳೆದ ಮೇಲೆ ಬೆಳ್ಳಗೆ ಕಂಡದ್ದು ಎರಡೇ ಎಳೆ.

ಗುರುಪಾದಪ್ಪ ಮಾಲೀಕರನ್ನು ಕರೆತಂದ. ಎಪ್ಪತ್ತು ದಾಟಿದ ಮುನಿಗಂಗಪ್ಪನವರು ಮಂಡಿ ಹಿಡಿದುಕೊಂಡು ಮೇಲೆ ಬಂದರು. ಎರಿ ಅಂದರೆ ಹೊಲದ ಕರೀ ಮಣ್ಣು, ಜೋಳ ಬೆಳೆಯುವ ಮಣ್ಣು, ಇದೇನು ತಂದು ಹಾಕಿಸಿದಿರಿ ಎಂದು ರತ್ನಕ್ಕ ಕೇಳಿದಳು.

"ಏರಿ ಅಂದ್ರಲ್ಲಮ್ಮ," ಎಂದರು ಅವರು. "ಕೆರೆ ಏರಿ."

ಅವರ ಕಾಲದಲ್ಲಿ ಬೇಸಿಗೆಗೆ ಕೆರೆಯ ತಳದ ಗೋಡು ಮಣ್ಣು ತೆಗೆದು ಏರಿಯ ಮೇಲೆ ಹಾಕುತ್ತಿದ್ದರು. ರಾಗಿ ಹೊಲಕ್ಕೆ ಅದನ್ನು ಹೊಡೆಯಲು ಗಾಡಿಗಳು ಸಾಲುಗಟ್ಟುತ್ತಿದ್ದವು. ಯಲಹಂಕದಾಚೆ ತಮ್ಮ ಹಳೇ ಹೊಲದ ಹತ್ತಿರದ ಕೆರೆಗೆ ಟ್ರ್ಯಾಕ್ಟರಿನವನನ್ನು ಕಳಿಸಿದ್ದರು, ತಾವು ಆ ಏರಿ ಹತ್ತಿ ಹದಿನೈದು ವರ್ಷವಾಗಿತ್ತು. ಹೇಳುತ್ತಲೇ ಒಂದು ಚಿಟಿಕೆ ಮಣ್ಣು ತೆಗೆದು, ರತ್ನಕ್ಕ ಬೇಡ ಎನ್ನುವಷ್ಟರಲ್ಲಿ, ರೂಢಿಯಂತೆ ನಾಲಿಗೆಯ ತುದಿಗೆ ಇಟ್ಟುಕೊಂಡರು. ಉಗಿದರು. ಮತ್ತೆ ಉಗಿದರು. ಪಂಚೆಯ ಚುಂಗಿನಿಂದ ನಾಲಿಗೆ ಒರೆಸಿಕೊಂಡು ಗೋಡೆಗೊರಗಿ ಕೂತುಬಿಟ್ಟರು.

"ನಮ್ಮಪ್ಪ ಇಂಗೇ ನೋಡ್ತಿದ್ದ," ಎಂದರು.

ಕನಿಕರ ಪಡುವಷ್ಟು ತಾಳ್ಮೆ ರತ್ನಕ್ಕನಿಗಿರಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಒಂದು ಸಸಿ ಊರುವಷ್ಟು ಮಣ್ಣಿಲ್ಲವೇ ಎಂದು ಕೇಳಿದಳು. ಅವರು ಗೋಡೆ ಹಿಡಿದು ಎದ್ದು ಇಳಿದು ಹೋದರು. ಬೇರಿಗೆ ಒದ್ದೆ ಬಟ್ಟೆ ಸುತ್ತಿ ಆಕೆ ನೆರಳಿನಲ್ಲಿ ಕೂತಳು. ಐದು ಸಲ ಸೋಪು ಹಚ್ಚಿದರೂ ಕೈಯ ನಾತ ಹೋಗಿರಲಿಲ್ಲ. ಬಿಸಿಲು ಇಳಿಯುವಷ್ಟರಲ್ಲಿ ಇನ್ನೆರಡು ಎಲೆ ಬಿದ್ದವು.

ಮುನಿಗಂಗಪ್ಪನವರು ಸಂಜೆ ಬಂದರು, ಕೈಯಲ್ಲಿ ಅಕ್ಕಿ ಚೀಲ. ಚೀಲದ ತಳದಲ್ಲಿ ಕೆಂಪು ಮಣ್ಣು. ಬೇಡ ಎನ್ನಲು ಬಾಯಿ ತೆರೆದವಳು ಕೈ ಹಾಕಿ ನೋಡಿದಳು. ಸಿಮೆಂಟಿಲ್ಲ, ಚೂರಿಲ್ಲ. ಹುಡಿಹುಡಿಯಾಗಿತ್ತು, ಹುಲ್ಲಿನ ಬೇರಿತ್ತು, ಒಂದು ಎರೆಹುಳು ಬೆರಳಿಗೆ ತಾಗಿ ಸರಿಯಿತು. ಎಲ್ಲಿಂದ ತಂದಿರಿ ಎಂದು ಕೇಳಿದಳು.

"ಒಲ ಎಲ್ಲ ಸೈಟ್ ಆಗೋಯ್ತು ಕಣಮ್ಮ. ನಾನೇ ಮಾರ್ದೆ. ಅಪ್ಪ ಅಮ್ಮನ್ನ ಮಣ್ಣು ಮಾಡಿದ್ ಜಾಗ ಒಂದು ಉಳ್ಕೊಂಡದೆ, ಅಲ್ಲಿದು. ಗುಡ್ಡೆ ಮುಟ್ಟಿಲ್ಲ, ಪಕ್ಕದಾಗೆ ತಗ್ದೆ. ಬ್ಯಾಡ ಅನ್ನಿಸಿದ್ರೆ ಬಿಡಿ."

ಗುರುಪಾದಪ್ಪ ಮುಖ ಕಿವುಚಿ ಎರಡು ಹೆಜ್ಜೆ ಹಿಂದೆ ಸರಿದ. ಬೆಳಗಿನಿಂದ ಹೊಲಸಿನಲ್ಲಿ ಕೈಯಾಡಿಸಿದವನಿಗೆ ಈಗ ಮೈಲಿಗೆ ನೆನಪಾಗಿತ್ತು. ರತ್ನಕ್ಕ ತನಗೂ ಈಗ ಹೇಸಿಗೆಯಾಗುತ್ತದೆ ಎಂದು ಕಾದಳು, ಆಗಲಿಲ್ಲ. ಹಿಡಿ ಮಣ್ಣನ್ನು ಮೂಗಿನ ಹತ್ತಿರ ತಂದಳು. ಮೊದಲ ಮಳೆ ಬಿದ್ದ ಹೊಲದ ವಾಸನೆ, ಅಷ್ಟೇ. ಬಣ್ಣ ನೋಡಿ ನಾಲ್ಕು ವರ್ಷ ಬೈದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಬೇರೆ ಕುಂಡ ತಂದು ಮಣ್ಣು ತುಂಬಿ, ಎರಡು ಎಳೆ ಬೇರನ್ನು ಬಿಡಿಸಿ ಇಳಿಸಿದಳು. ಉಳಿಯುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಬುಡ ಒತ್ತುತ್ತ ತಲೆ ಎತ್ತದೆ ಮುನಿಗಂಗಪ್ಪನವರನ್ನು ಕೇಳಿದಳು, "ನಿಮ್ಮವ್ವಾರ ಹೆಸರೇನ್ರಿ?"

"ಮುನಿನಾರಾಯಣಮ್ಮ."

"ನಮ್ಮವ್ವ ನೀಲವ್ವ," ಎಂದು ರತ್ನಕ್ಕ ತಂಬಿಗೆಯಿಂದ ನಿಧಾನವಾಗಿ ನೀರು ಬಿಟ್ಟಳು.