ಸಾಲು ಹಿಡಿದ ಕಲ್ಲುಗಳು

ಕಲ್ಲಿನಾಣೆಗೂ ಇದು ನಡೆದ ಕಥೆ. ಯಾವ ಕಲ್ಲು ಅಂತ ಈಗಲೇ ಕೇಳಬೇಡಿ, ಬರುತ್ತದೆ.

ದೋನ್ ಸಾತುಕೊ, ಅಂದರೆ ಸಾತುಕೊ ಯಜಮಾನ, ರೈಲ್ವೆಯಲ್ಲಿ ದುಡಿದು ನಿವೃತ್ತನಾದ ಮುದುಕ. ತಾನಿನ್ನೂ ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ಸರ್ಕಾರಕ್ಕೆ ಮುಖ ತೋರಿಸಬೇಕು. ಇಲ್ಲವಾದರೆ ಪಿಂಚಣಿ ಬಂದ್. ಅದಕ್ಕಾಗಿ ಬೊಲಿವಿಯದ ಆ ಎತ್ತರದ ಬಯಲಿನಿಂದ ರಾಜಧಾನಿಗೆ ಬಸ್ಸು ಹಿಡಿದು, ಹಿಂದಿನ ಸಂಜೆಯೇ ಕಚೇರಿ ಬಾಗಿಲಲ್ಲಿ ಒಂದು ಕಲ್ಲಿಟ್ಟು ಸಾಲಲ್ಲಿ ಜಾಗ ಕಾಯ್ದಿರಿಸಬೇಕು. ಇನ್ನೊಬ್ಬರ ಕಲ್ಲು ದಾಟಿ ಮುಂದೆ ಹೋದವನು ಮನುಷ್ಯನೇ ಅಲ್ಲ. ಆದರೆ ಈ ಸಲ ಸಾತುಕೊನ ಸೊಂಟ ಹಿಡಿದುಕೊಂಡಿತ್ತು. ಗಡುವು ನೋಡಿದರೆ ನಾಳೆಗೇ ಮುಗಿಯುತ್ತಿತ್ತು.

“ರಾಜಧಾನಿ ಯಾಕೆ ಕೊಂಪಾದ್ರೆ? ನಮ್ಮ ಸಂತೆಬೀದಿಯಲ್ಲೇ ಸೇವಾ ಕೇಂದ್ರ ಬಂದಿದೆಯಲ್ಲ!” ಅಂದಳು ದೋನ್ಯಾ ಬಾಸಿಲಿಯಾ. ಗಾಡಿಯಲ್ಲಿ ಆಪಿ ಅನ್ನುವ ಬಿಸಿ ಬಿಸಿ ಮೆಕ್ಕೆಜೋಳದ ಪಾನಕ ಮಾರುವವಳು, ಅವನ ಮಗಳಿಗೆ ಧರ್ಮಮಾತೆ; ಆ ನಂಟಿನಿಂದಲೇ ಅವಳಿಗೆ ಅವನು ಕೊಂಪಾದ್ರೆ, ಅವನಿಗೆ ಅವಳು ಕೊಮಾದ್ರೆ.

“ಹೊಸ ಬಣ್ಣ ಬಳಿದಿರ್ತಾರೆ ಕೊಮಾದ್ರೆ. ಒಳಗೆ ಅದೇ ಹಳೇ ಮುಖಗಳು.”

ಬಾಸಿಲಿಯಾ ಮೂಗು ಹಿಡಿದು ರಾಜಧಾನಿ ಗುಮಾಸ್ತನ ದನಿ ತೆಗೆದಳು: “ಸಿಸ್ಟಂ ಇಲ್ಲಾ… ನಾಳೆ ಬನ್ನೀ… ನೀವು ಸತ್ತಿದ್ದೀರಿ ಅಂತ ತೋರಿಸ್ತಿದೇ…” ಮುದುಕನಿಗೂ ನಗು ತಡೆಯಲಿಲ್ಲ. “ಇಲ್ಲಿ ಹಾಗಿಲ್ಲಪ್ಪ. ಹೊಸ ಅಧಿಕಾರಿ ನೆಲಿದಾ ಮೇಡಂ ಬಂದ ಮೇಲೆ ಸಾಲೇ ಇಲ್ಲ!”

“ಸಾಲಿಲ್ಲದ ಕಚೇರಿನಾ? ಹಾಗಾದ್ರೆ ಅದು ಸರ್ಕಾರದ್ದೇ ಅಲ್ಲ ಬಿಡಿ.”

ಆದರೂ ಬೇರೆ ದಾರಿ ಇರಲಿಲ್ಲ. ಸಂಜೆ ಹೋಗಿ ಕೇಂದ್ರದ ಬಾಗಿಲಲ್ಲಿ ತನ್ನ ಕಲ್ಲಿಟ್ಟು ಬಂದ. ಮುಂದೆ ಒಂದು ಹರಳೂ ಇರಲಿಲ್ಲ. ತಾನೇ ಮೊದಲು!

ಬೆಳಿಗ್ಗೆ ಕೋಟು ಹಾಕಿಕೊಂಡು ಬಂದು ನೋಡುತ್ತಾನೆ: ತನ್ನ ಕಲ್ಲು ಕಟ್ಟಕಡೆಯಲ್ಲಿದೆ! ಮುಂದೆ ಬೀದಿಯುದ್ದ ಕಲ್ಲು, ಇಟ್ಟಿಗೆ, ಒಡೆದ ಮಡಕೆ. ಒಂದು ಕಲ್ಲಿಗಂತೂ ಕಿವಿ ಮುಚ್ಚುವ ಉಣ್ಣೆ ಟೋಪಿ.

ಬಾಗಿಲು ತೆರೆಯಿತು. ಜನ ಕಲ್ಲುಗಳ ಕಡೆ ತಿರುಗಿಯೂ ನೋಡದೆ ಒಳಗೆ ಹೋದರು, ಬಂದರು. ಕೂಸಿನ ಜನನ ನೋಂದಣಿಗೆ ಹೋದವಳು, ಕೂಸು ಆಕಳಿಸಿ ಬಾಯಿ ಮುಚ್ಚುವಷ್ಟರಲ್ಲಿ ಆಚೆ ಬಂದಳು.

“ಏಯ್, ಸಾಲು! ಕಲ್ಲಿಗೆ ಮರ್ಯಾದೆ ಬೇಡ್ವಾ?” ಸಾತುಕೊ ಕೂಗಿದ. ಬಿಸಿಲು ನೆತ್ತಿಗೇರಿತು. ಸೊಂಟ ಸಿಡಿಯುತ್ತಿತ್ತು. ಇವತ್ತು ಆಗದಿದ್ದರೆ ಸರ್ಕಾರದ ಲೆಕ್ಕದಲ್ಲಿ ತಾನು ಸತ್ತಂತೆಯೇ.

ನೆಲಿದಾ ಹೊರಗೆ ಬಂದಳು. “ತಾತ, ಯಾಕೆ ನಿಂತಿದ್ದೀರಿ? ಒಳಗೆ ಬನ್ನಿ.”

“ಮುಂದಿನೋರು ಬರಲಿ ಮೇಡಂ. ನಾನು ಯಾರನ್ನೂ ದಾಟಿ ಹೋದವನಲ್ಲ.”

ಅವಳು ಅವನನ್ನು ಮೆಟ್ಟಿಲ ಮೇಲೆ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು. “ನಾನು ಈ ಕೆಲಸಕ್ಕೆ ಬಂದಾಗ ಕುರ್ಚಿಗೆ ಹೋಗಲಿಲ್ಲ ತಾತ, ಮೊದಲು ಜನರ ಜೊತೆ ಸಾಲಲ್ಲಿ ನಿಂತೆ. ಒಂದೇ ಗುರುತಿನ ಚೀಟೀನ ಪ್ರತಿ ಕಿಟಕಿಯಲ್ಲೂ ಮತ್ತೆ ಮತ್ತೆ ನೋಡ್ತಿದ್ರು. ಯಾಕೆ ಅಂತ ನಮ್ಮವರನ್ನೆಲ್ಲ ಕೂರಿಸಿ ಕೇಳಿದ್ರೆ ಒಬ್ಬರಿಗೂ ಗೊತ್ತಿಲ್ಲ! ಅವರೇ ನಕ್ಕುಬಿಟ್ರು, ಅವರೇ ದಾರಿಯನ್ನೂ ಹೇಳಿದ್ರು. ಈಗ ಕಿಟಕಿ ಒಂದೇ. ಫೋನ್ ಮಾಡಿದ್ರೆ ಹೊತ್ತು ಗೊತ್ತು ಮಾಡ್ತೀವಿ. ನಡೆಯೋಕಾಗದವರ ಮನೆಗೆ ನಾವೇ ಬರ್ತೀವಿ. ದಲ್ಲಾಳಿ ಬೇಡ, ಕಲ್ಲೂ ಬೇಡ.”

“ಮತ್ತೆ ಇವೆಲ್ಲ ಯಾರವು?”

ನೆಲಿದಾ ಟೋಪಿ ಕಲ್ಲನ್ನು ಎತ್ತಿಕೊಂಡಳು. “ಈ ಹೆಣಿಗೆ ಎಲ್ಲೋ ನೋಡಿದ ಹಾಗಿದೆ…”

ಆಪಿ ಗಾಡಿಯ ಹಿಂದಿನಿಂದ ಮೂಗಿನ ದನಿ ಕೇಳಿತು: “ಶ್ರೀಮತಿ ಇಟ್ಟಿಗೆಯವರೇ, ಒಳಗೆ ಬನ್ನೀ…”

“ಕೊಮಾದ್ರೆ! ರಾತ್ರಿ ಇವನ್ನೆಲ್ಲ ಇಟ್ಟಿದ್ದು ನೀವಾ? ನಿಮ್ಮ ಮನೆ ಹಾಳಾಗ!” ಸಾತುಕೊ ಕೋಲೆತ್ತಿದ. ನೆಲಿದಾ ಅವನ ತೋಳು ಹಿಡಿದು ಒಳಗೆ ಕರೆದೊಯ್ದಳು. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟ.

“ಆಯ್ತು ತಾತ. ಸಿಸ್ಟಮ್ಮೂ ಇದೆ, ನೀವೂ ಇದ್ದೀರಿ.”

“ಇಷ್ಟೇನಾ? ನಾನಿನ್ನೂ ಟೋಪಿನೇ ತೆಗೆದಿಲ್ಲ!”

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಿಮ್ಮೂರ ಸೇವಾ ಕೇಂದ್ರಕ್ಕೂ ಒಮ್ಮೆ ಹೋಗಿ ನೋಡಿ. ಏನೇನು ಸಿಗುತ್ತದೆ ಅಂತ ಬಾಯಿಬಿಟ್ಟು ಕೇಳಿ. ತೊಡಕಿದ್ದರೆ ಅದನ್ನೂ ಹೇಳಿ. ಹೇಳಿದರೆ ತಾನೇ ಬದಲಾಗುವುದು? ಇಲ್ಲದ ಸಾಲಿನಲ್ಲಿ ಸುಮ್ಮನೆ ನಿಂತಿರಬೇಡಿ.

ಸಾತುಕೊನ ಕಲ್ಲು ಈಗ ಆಪಿ ಗಾಡಿಯ ಚಕ್ರ ಉರುಳದಂತೆ ತಡೆದು ಕೂತಿದೆ. ಬಾಸಿಲಿಯಾ ಅದನ್ನು ತೋರಿಸಿ ಗಿರಾಕಿಗಳಿಗೆ ಈ ಕಥೆ ಶುರುಮಾಡಿದರೆ ಸಾಕು, ಕಥೆಯಲ್ಲಿ ಶ್ರೀಮತಿ ಇಟ್ಟಿಗೆಯವರು ಬರುವ ಮೊದಲೇ ಸೊಂಟ ಹಿಡಿದುಕೊಂಡು, ಬೀದಿಗೆಲ್ಲ ಕೇಳುವ ಹಾಗೆ ನಗುವವನು ಅವನೇ.